ಹಳೆ ಪಿಕಪ್‌ನ ಕಮಾನು ಬುಷ್: ಸವೆದದ್ದನ್ನು ತಿಳಿಯುವುದು, ಬದಲಿಸುವುದು

ಮಹೀಂದ್ರ ಬೊಲೆರೊ ಪಿಕಪ್, 2005ರಲ್ಲಿ ಬಂದ ಟಾಟಾ ಏಸ್ ಮುಂತಾದ ಗಾಡಿಗಳಲ್ಲಿ ಹಿಂದಿನ ಆಕ್ಸಲ್ ಕೂತಿರುವುದು ಕಮಾನು ಪಟ್ಟಿಗಳ ಮೇಲೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರು ಇದನ್ನೇ ಪಾಟಾ ಎನ್ನುತ್ತಾರೆ. ಈ ಪಟ್ಟಿಯ ಎರಡು ತುದಿಗಳಲ್ಲಿ ಸುರುಳಿ ಸುತ್ತಿದ ಕಣ್ಣುಗಳಿರುತ್ತವೆ. ಆ ಕಣ್ಣಿಗೂ ಅದರಲ್ಲಿ ಹಾಯುವ ಪಿನ್ನಿಗೂ ನಡುವೆ ಕೂರುವ ರಬ್ಬರಿನ ತುಂಡೇ ಬುಷ್.

ಬಹುತೇಕ ಗಾಡಿಗಳಲ್ಲಿ ಹಿಂದಿನ ಕಮಾನಿನ ಮುಂಭಾಗದ ತುದಿ ಚಾಸಿಯ ಬ್ರಾಕೆಟ್ಟಿಗೆ ಸ್ಥಿರವಾಗಿ ಸೇರಿರುತ್ತದೆ. ಹಿಂಭಾಗದ ತುದಿ ಶಾಕಲ್ ಎಂಬ ಜೋಡಿ ಪಟ್ಟಿಯಲ್ಲಿ ತೂಗುತ್ತದೆ. ಲೋಡು ಬಿದ್ದಾಗ ಕಮಾನು ಚಪ್ಪಟೆಯಾಗಿ ಉದ್ದವಾಗುವುದರಿಂದ ಒಂದು ತುದಿ ಓಡಾಡಲೇಬೇಕು, ಅದಕ್ಕೇ ಶಾಕಲ್. ಹೀಗಾಗಿ ಒಂದು ಕಮಾನಿಗೆ ಮೂರು ಕಡೆ ಬುಷ್: ಮುಂದಿನ ಕಣ್ಣಿನಲ್ಲಿ ಒಂದು, ಶಾಕಲ್ಲಿನ ಕೆಳಗೊಂದು, ಮೇಲೊಂದು. ಕೆಲವು ಗಾಡಿಗಳಲ್ಲಿ ಒಂದೊಂದು ಜಾಗಕ್ಕೂ ಎರಡೆರಡು ಅರೆ ಬುಷ್‌ಗಳು ಎರಡು ಕಡೆಯಿಂದ ಬರುತ್ತವೆ. ಇನ್ನು ಕೆಲವಕ್ಕೆ ಒಳಗೂ ಹೊರಗೂ ಕಬ್ಬಿಣದ ಕೊಳವೆ, ನಡುವೆ ಅಂಟಿಸಿದ ರಬ್ಬರು ಇರುವ ಸೈಲೆಂಟ್ ಬ್ಲಾಕ್ ಮಾದರಿ.

ಮೂರರಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಮುಂದಿನ ಕಣ್ಣಿನ ಬುಷ್. ಆಕ್ಸಲ್ ಗಾಡಿಯನ್ನು ದೂಡುವುದು, ಬ್ರೇಕಿನಲ್ಲಿ ತಡೆಯುವುದು ಎರಡೂ ಈ ಒಂದು ಪಿನ್ನಿನ ಮೂಲಕ. ತಾಳವಾಡಿಯಿಂದ ತರಕಾರಿ ತುಂಬಿಕೊಂಡು ದಿಂಬಂ ಘಾಟಿಯ 27 ತಿರುವು ಇಳಿಯುವಾಗಲಾಗಲಿ, ವಯನಾಡಿನಿಂದ ತಾಮರಶ್ಶೇರಿ ಚುರದ 9 ತಿರುವು ಇಳಿಯುವಾಗಲಾಗಲಿ, ಪ್ರತಿ ಬ್ರೇಕಿಗೂ ಇದೇ ಬುಷ್ ಹಿಂಡಿಸಿಕೊಳ್ಳುತ್ತದೆ. ಇಲ್ಲಿ ಆಟ ಬಂದರೆ ತಿರುವಿನಲ್ಲಿ ಆಕ್ಸಲ್ ತುಸು ಓರೆಯಾಗಿ, ಸ್ಟಿಯರಿಂಗ್ ತಿರುಗಿಸದೆಯೇ ಗಾಡಿಯ ಬಾಲ ಒಂದು ಕಡೆಗೆ ಎಳೆಯುತ್ತದೆ. ಸದ್ದು ಬಿಡಿ, ನಿಜವಾದ ಅಪಾಯ ಇದು.

ಸವೆದ ಬುಷ್ಷಿನ ಮೊದಲ ಸೂಚನೆ ಸಣ್ಣ ಹಳ್ಳಗಳಲ್ಲಿ ಕೇಳುವ ಕಟಕಟ ಸದ್ದು. ಗಾಡಿ ಖಾಲಿ ಇದ್ದಾಗ ಇದು ಜಾಸ್ತಿ, ಲೋಡು ಬಿದ್ದರೆ ಕಡಿಮೆ. ಅದಕ್ಕೇ ಎಷ್ಟೋ ಚಾಲಕರು ಗಮನಿಸುವುದೇ ಇಲ್ಲ. ಸಂಶಯ ಬಂದರೆ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಟ್ಟು, ಕಮಾನಿನ ಕಣ್ಣಿಗೂ ಬ್ರಾಕೆಟ್ಟಿಗೂ ನಡುವೆ ಸಣ್ಣ ಹಾರೆ ಇಟ್ಟು ಮೀಟಿ ನೋಡಿ. ರಬ್ಬರು ತುಸು ಮಣಿಯುವುದು ಸಹಜ. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು ಬಂದರೆ, ಕಣ್ಣಿನ ಸುತ್ತ ಕೆಂಪು ತುಕ್ಕುಪುಡಿ ಉದುರಿದ್ದರೆ, ಶಾಕಲ್ ಪಟ್ಟಿ ಒಂದು ಕಡೆ ವಾಲಿದ್ದರೆ ಬುಷ್ ಮುಗಿದಂತೆ. ರಬ್ಬರಿನ ಮೇಲ್ಮೈಯಲ್ಲಿ ಕೂದಲೆಳೆಯಂತಹ ಬಿರುಕು ಕಂಡ ಮಾತ್ರಕ್ಕೆ ಬದಲಿಸಬೇಕಿಲ್ಲ. ಇನ್ನೊಂದು ಪರೀಕ್ಷೆ: ಮುಂದಿನ ಚಕ್ರಗಳನ್ನು ನೇರವಾಗಿಟ್ಟು, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುಬಿಂದುಗಳ ಅಂತರವನ್ನು ಎರಡೂ ಬದಿ ಟೇಪಿನಲ್ಲಿ ಅಳೆಯಿರಿ. ಎದ್ದು ಕಾಣುವ ವ್ಯತ್ಯಾಸ ಬಂದರೆ ಬುಷ್ ಜೊತೆಗೆ ಕಮಾನಿನ ಸೆಂಟರ್ ಬೋಲ್ಟ್ ತುಂಡಾಗಿದೆಯೇ ಎಂದೂ ನೋಡಬೇಕು.

ಬಿಡಿಭಾಗ ಕೊಳ್ಳುವಾಗ ಗಾಡಿಯ ಹೆಸರು ಮಾತ್ರ ಹೇಳಿದರೆ ಸಾಲದು. ಒಂದೇ ಹೆಸರಿನ ಗಾಡಿಯಲ್ಲೂ ಮಾದರಿ ಬದಲಾದಂತೆ ಅಳತೆ ಬೇರೆಯಾಗುತ್ತದೆ. ಹಳೇ ಬುಷ್ಷನ್ನೇ ಅಂಗಡಿಗೆ ಒಯ್ದು ಹೊರ ಅಗಲ, ಒಳ ಅಗಲ, ಉದ್ದ ಮೂರನ್ನೂ ಹೊಂದಿಸಿ ನೋಡಿ. ಎರಡೂ ಬದಿಗೆ ಒಟ್ಟಿಗೇ ತನ್ನಿ. ಪಿನ್ನಿನ ಮೇಲೆ ಬೆರಳಾಡಿಸಿದಾಗ ಮೆಟ್ಟಿಲು ಸಿಕ್ಕರೆ ಪಿನ್ನೂ ಹೊಸದೇ ಬೇಕು. ಸವೆದ ಪಿನ್ನಿಗೆ ಹೊಸ ಬುಷ್ ಹಾಕಿದರೆ ಹಣ ದಂಡ.

ಈಗ ಕೆಲಸ. ಹಿಂದಿನ ದಿನವೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಸಾಮಾನ್ಯವಾಗಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಆ ಚಕ್ರಗಳೇ ನೆಲ ಬಿಟ್ಟ ಮೇಲೆ ಅದರಿಂದ ಏನೂ ಉಪಯೋಗವಿಲ್ಲ. ಆದ್ದರಿಂದ ಮುಂದಿನ ಚಕ್ರಗಳ ಹಿಂದೆ ಮುಂದೆ ಗಟ್ಟಿ ಮರದ ತುಂಡು ಕೊಡಲೇಬೇಕು. ಚಾಸಿಯನ್ನು ಎತ್ತಿ ಕಬ್ಬಿಣದ ಸ್ಟ್ಯಾಂಡ್ ಮೇಲೆ ಕೂರಿಸಿ. ಜಾಕಿಯೊಂದನ್ನೇ ನಂಬಿ ಗಾಡಿಯ ಅಡಿಗೆ ಹೋಗಬೇಡಿ. ಇಟ್ಟಿಗೆ, ಟೊಳ್ಳು ಸಿಮೆಂಟ್ ಬ್ಲಾಕು ಮುನ್ಸೂಚನೆ ಇಲ್ಲದೆ ಒಡೆಯುತ್ತವೆ, ಅವು ಬೇಡವೇ ಬೇಡ. ಇನ್ನೊಂದು ಜಾಕಿಯನ್ನು ಆಕ್ಸಲ್ ಅಡಿಗೆ ಕೊಟ್ಟು, ಕಮಾನು ಜೋತಾಡದಂತೆ, ಒತ್ತಿಕೊಳ್ಳದಂತೆ ಏರಿಸಿ ಇಳಿಸಿ ಹೊಂದಿಸಿ. ಹೊಂದಿಕೆ ಸರಿಯಾದಾಗ ಪಿನ್ ತಾನೇ ಸಡಿಲವಾಗುತ್ತದೆ.

ಒಂದು ಬದಿ ಪೂರ್ತಿ ಮುಗಿಸಿಯೇ ಇನ್ನೊಂದು ಬದಿಗೆ ಕೈ ಹಾಕಿ. ಬುಷ್ ಬದಲಿಸಲು ಯು ಬೋಲ್ಟ್ ಬಿಚ್ಚುವ ಅಗತ್ಯವಿಲ್ಲ. ಪಿನ್ ಹೊಡೆಯುವಾಗ ಹಳೇ ನಟ್ಟನ್ನು ತುದಿಗೆ ತಿರುಗಿಸಿಟ್ಟುಕೊಂಡರೆ ಮರೆ ಹಾಳಾಗದು. ಅರೆ ಬುಷ್ ಸುಲಭವಾಗಿ ಬರುತ್ತದೆ. ಸೈಲೆಂಟ್ ಬ್ಲಾಕ್ ಹಟ ಮಾಡುತ್ತದೆ. ಆಗ ಗ್ಯಾಸ್ ಬೆಂಕಿ ಹಿಡಿದು ರಬ್ಬರು ಸುಡುವುದು ಗ್ಯಾರೇಜುಗಳಲ್ಲಿ ರೂಢಿಯಲ್ಲಿದೆ. ಇದು ಕೆಟ್ಟ ರೂಢಿ. ಕಣ್ಣು ಕಾದರೆ ಕಮಾನಿನ ಉಕ್ಕಿನ ಹದ ಹೋಗುತ್ತದೆ, ಮುಂದೊಂದು ದಿನ ಮುಖ್ಯ ಪಟ್ಟಿ ಅಲ್ಲೇ ಮುರಿಯಬಹುದು. ಅದರ ಬದಲು ರಬ್ಬರನ್ನು ಡ್ರಿಲ್ಲಿನಿಂದ ತೂತು ಮಾಡಿ ತೆಗೆದು, ಹೊರ ಕೊಳವೆಯನ್ನು ಆಕ್ಸಾ ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಒಳಕ್ಕೆ ಮಡಿಸಿ ಹೊಡೆದರೆ ಬರುತ್ತದೆ. ಬ್ಲೇಡು ಕಣ್ಣಿನ ಉಕ್ಕಿಗೆ ಗೀರು ಹಾಕಬಾರದು.

ಕಣ್ಣನ್ನು ಎಮರಿ ಕಾಗದದಲ್ಲಿ ಉಜ್ಜಿ, ಉದ್ದ ಬೋಲ್ಟು, ದಪ್ಪ ವಾಷರು, ತಕ್ಕ ಪೈಪು ತುಂಡು ಬಳಸಿ ಹೊಸ ಬುಷ್ಷನ್ನು ನಿಧಾನವಾಗಿ ಎಳೆದು ಕೂರಿಸಿ. ಸೈಲೆಂಟ್ ಬ್ಲಾಕ್ ಬರಿಗೈಯಲ್ಲೇ ಒಳಗೆ ಹೋದರೆ ಕಣ್ಣು ಅಗಲವಾಗಿದೆ ಎಂದರ್ಥ, ಆ ಪಟ್ಟಿಯನ್ನೇ ಬದಲಿಸಬೇಕು. ಬ್ರಾಕೆಟ್ಟಿನ ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೂ ಹೊಸ ಬುಷ್ ಬಾಳುವುದಿಲ್ಲ. ರಬ್ಬರಿಗೆ ಗ್ರೀಸು, ಡೀಸೆಲ್, ಎಂಜಿನ್ ಆಯಿಲ್ ಹಚ್ಚಬೇಡಿ, ಉಬ್ಬಿ ಕೊಳೆಯುತ್ತದೆ. ಸೋಪಿನ ನೀರು ಸಾಕು. ಗ್ರೀಸ್ ನಿಪ್ಪಲ್ ಇರುವ ಗನ್‌ಮೆಟಲ್ ಬುಷ್ಷಿನ ಲೆಕ್ಕ ಬೇರೆ, ಅದಕ್ಕೆ ಗ್ರೀಸು ಬೇಕೇ ಬೇಕು.

ಎಲ್ಲಕ್ಕಿಂತ ಮುಖ್ಯ ಮಾತು ಕೊನೆಯ ಬಿಗಿತದ್ದು. ಗಾಡಿ ಎತ್ತಿದ ಸ್ಥಿತಿಯಲ್ಲಿ ನಟ್ಟುಗಳನ್ನು ಕೈಬಿಗಿತಕ್ಕೆ ಮಾತ್ರ ಬಿಡಿ. ಸೈಲೆಂಟ್ ಬ್ಲಾಕಿನಲ್ಲಿ ರಬ್ಬರು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ಜೋತಾಡುವಾಗ ಪೂರ್ತಿ ಬಿಗಿದರೆ, ಗಾಡಿ ನೆಲಕ್ಕೆ ಇಳಿದೊಡನೆ ರಬ್ಬರು ತಿರುಚಿದ ಸ್ಥಿತಿಯಲ್ಲೇ ನಿಲ್ಲುತ್ತದೆ. ಮೇಲೆ ಲೋಡು ಬಿದ್ದರೆ ಇನ್ನಷ್ಟು ತಿರುಚಿ ಬೇಗನೆ ಹರಿಯುತ್ತದೆ. 'ಹೊಸ ಬುಷ್ ಹಾಕಿಸಿದೆ, ಆರು ತಿಂಗಳೂ ಬರಲಿಲ್ಲ' ಎಂಬ ದೂರಿನ ಹಿಂದೆ ನಕಲಿ ಮಾಲಿಗಿಂತ ಈ ತಪ್ಪೇ ಇರುವುದುಂಟು. ಗಾಡಿಯನ್ನು ನೆಲಕ್ಕಿಳಿಸಿ, ಎರಡು ಮೂರು ಸಲ ಕುಲುಕಿ, ಪೂರ್ತಿ ಭಾರ ಚಕ್ರಗಳ ಮೇಲೆ ಇರುವಾಗ ಕೈಪಿಡಿಯಲ್ಲಿ ಹೇಳಿದ ಟಾರ್ಕಿಗೆ ಬಿಗಿಯಿರಿ. ಸ್ಪ್ಲಿಟ್ ಪಿನ್, ನೈಲಾನ್ ನಟ್ಟು ಹಳೆಯದನ್ನು ಮತ್ತೆ ಹಾಕಬೇಡಿ.

ಹೆಚ್ಚು ಲೋಡಿಗಾಗಿ ಎಕ್ಸ್‌ಟ್ರಾ ಪಟ್ಟಿ ಹಾಕಿಸಿದ ಗಾಡಿಗಳಲ್ಲಿ ಕಮಾನು ಬಗ್ಗದ ಕಾರಣ ಹಳ್ಳದ ಪೆಟ್ಟು ನೇರ ಬುಷ್ಷಿಗೇ ಬರುತ್ತದೆ. ಅಂಥವರು ಪದೇ ಪದೇ ನೋಡುತ್ತಿರಬೇಕು. 8 ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕಲ್ಲ, ಅದಕ್ಕೆ ಮುಂಚೆ ಒಮ್ಮೆ ಹಾರೆ ಪರೀಕ್ಷೆ ಮಾಡಿಕೊಂಡರೆ ಅನುಕೂಲ. ಹೊಸ ಬುಷ್ ಹಾಕಿದ ಮೇಲೆ ಮೊದಲ ಲೋಡು ಇಳಿಸಿ ಬಂದ ದಿನವೇ ನಟ್ಟುಗಳ ಬಿಗಿತವನ್ನು ಮತ್ತೊಮ್ಮೆ ನೋಡಿ.