ಹೊರದಾರಿಯಿಲ್ಲದ ಕಡಲು: ಕ್ಯಾಸ್ಪಿಯನ್ ತೀರದ ರೇಷ್ಮೆ, ಹಡಗು ಮತ್ತು ಸಾಮ್ರಾಜ್ಯಗಳು (1556–1813)

ಬೀದರಿನ ಮದರಸಾವನ್ನು 1472ರಲ್ಲಿ ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗವಾನ್ ಹುಟ್ಟಿದ್ದು ಕ್ಯಾಸ್ಪಿಯನ್ ಸಮುದ್ರದ ದಕ್ಷಿಣ ದಂಡೆಯಲ್ಲಿರುವ ಗೀಲಾನ್ ಪ್ರಾಂತದಲ್ಲಿ. ಅವನ ಅಧಿಕಾರ ಉತ್ತುಂಗದಲ್ಲಿದ್ದಾಗಲೇ ಬೀದರಿಗೆ ಬಂದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ದಾಟಿ ಬಂದದ್ದೂ ಅದೇ ಸಮುದ್ರವನ್ನು. ತ್ವೆರ್ ಪಟ್ಟಣದಿಂದ ವೋಲ್ಗಾ ನದಿ ಹಿಡಿದು ಹೊರಟ ನಿಕಿತಿನ್‌ನ ತಂಡವನ್ನು ಆಸ್ಟ್ರಖಾನಿನ ಬಳಿ ತಾತಾರರು ದೋಚಿದರು. ಉಳಿದ ಎರಡು ನಾವೆಗಳು ಸಮುದ್ರಕ್ಕಿಳಿದಾಗ ಬಿರುಗಾಳಿ ಎದ್ದು, ಚಿಕ್ಕದು ದಾಗೆಸ್ತಾನದ ದಡಕ್ಕೆ ಅಪ್ಪಳಿಸಿ ಒಡೆಯಿತು. ಅದರಲ್ಲಿದ್ದವರು ಸ್ಥಳೀಯರ ಕೈಗೆ ಸೆರೆಸಿಕ್ಕರು. ಬಹಮನಿ ರಾಜ್ಯದ ಇತಿಹಾಸ ಬರೆಯುವವರು ಹೊರ್ಮುಜ್, ಚೌಲ್, ದಾಭೋಳ ಬಂದರುಗಳನ್ನು ಮರೆಯುವುದಿಲ್ಲ. ಅವುಗಳಾಚೆಯ ಈ ಒಳನಾಡಿನ ಕಡಲು ಮಾತ್ರ ನಮ್ಮ ಬರವಣಿಗೆಯಲ್ಲಿ ಅಪರೂಪ. ನಿಕಿತಿನ್ ಸತ್ತ ನೂರು ವರ್ಷದೊಳಗೆ ಆ ಕಡಲಿನ ಸುತ್ತ ಮಾಸ್ಕೋದ ತ್ಸಾರ್, ಇರಾನಿನ ಸಫವಿ ಷಾ, ಇಸ್ತಾಂಬುಲಿನ ಆಟೋಮನ್ ಸುಲ್ತಾನ ಮೂವರೂ ಎದುರಾದರು; ಅವರ ಹಿಂದೆ ಇಂಗ್ಲಿಷರೂ ಜರ್ಮನರೂ ಬಂದರು.

ಈ ಪೈಪೋಟಿಯನ್ನು ಸಾಮಾನ್ಯವಾಗಿ ರೇಷ್ಮೆಯ ಕಥೆಯಾಗಿಯೋ ಕೋಟೆಗಳ ಕಥೆಯಾಗಿಯೋ ಹೇಳುವುದು ರೂಢಿ. ಎರಡೂ ಸುಳ್ಳಲ್ಲ. ಆದರೆ ನನ್ನ ವಾದ ಬೇರೆ: ಕ್ಯಾಸ್ಪಿಯನ್ ಯಾರದು ಎಂಬುದನ್ನು ಕೊನೆಗೆ ನಿರ್ಧರಿಸಿದ್ದು ಹಡಗು ಕಟ್ಟುವ ತಾಕತ್ತು. ಈ ಸಮುದ್ರಕ್ಕೆ ಬಾಗಿಲೇ ಇಲ್ಲ. ಜಿಬ್ರಾಲ್ಟರಿನಂಥ ಜಲಸಂಧಿ ಇಲ್ಲ, ಹೊರಗಿನಿಂದ ನೌಕಾಪಡೆ ನುಗ್ಗುವಂತಿಲ್ಲ. ಮೆಡಿಟರೇನಿಯನ್ನಿನಲ್ಲಿ ನೂರಾರು ಗ್ಯಾಲಿಗಳನ್ನು ತೇಲಿಸುತ್ತಿದ್ದ ಆಟೋಮನ್ನರಿಗೂ ಇಲ್ಲಿ ಒಂದು ದೋಣಿ ಬೇಕೆಂದರೆ ಇದರ ದಡದಲ್ಲೋ ಇದಕ್ಕೆ ಸೇರುವ ನದಿಯ ದಂಡೆಯಲ್ಲೋ ಕಟ್ಟಲೇಬೇಕು.

ಕಡಲಿನ ಸ್ವಭಾವವೂ ಸುಲಭದ್ದಲ್ಲ. ಉತ್ತರದ ಭಾಗ ಸರಾಸರಿ ಐದಾರು ಮೀಟರ್ ಮಾತ್ರ ಆಳ, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ದಕ್ಷಿಣದಲ್ಲಿ ಆಳ ಸಾವಿರ ಮೀಟರ್ ಮೀರುತ್ತದೆ. ವೋಲ್ಗಾದ ಮುಖಜ ಭೂಮಿಯ ಕೆಸರಿನಲ್ಲಿ ಆಳ ತಳದ ಹಡಗು ಸಿಕ್ಕಿಬೀಳುತ್ತದೆ, ಚಪ್ಪಟೆ ತಳದ್ದು ದಕ್ಷಿಣದ ಅಲೆಗಳಿಗೆ ತಡೆಯುವುದಿಲ್ಲ. ಬಾಕು ಬಿಟ್ಟರೆ ಹೇಳಿಕೊಳ್ಳುವಂಥ ಆಸರೆಯ ಬಂದರು ಕಡಿಮೆ. ಗೀಲಾನ್ ಮತ್ತು ಮಾಜಂದರಾನಿನ ಬೆಟ್ಟಗಳಲ್ಲಿ ದಟ್ಟ ಕಾಡಿತ್ತು, ನಿಜ. ಆದರೆ ಆ ಮರವನ್ನು ದಡಕ್ಕೆ ತೇಲಿಸಿ ತರುವ ದೊಡ್ಡ ನದಿಯಾಗಲಿ, ಹಡಗು ಕಟ್ಟಿ ಪಳಗಿದ ಬಡಗಿಗಳಾಗಲಿ ಸಾಕಷ್ಟು ಇರಲಿಲ್ಲ. ಮರ, ಹಗ್ಗದ ನಾರು, ಡಾಂಬರು, ಕಬ್ಬಿಣ ಎಲ್ಲವನ್ನೂ ಒಟ್ಟಿಗೆ ಕೆಳಕ್ಕೆ ಹೊತ್ತು ತರಬಲ್ಲ ಹಾದಿ ಒಂದೇ, ವೋಲ್ಗಾ. ನಾಲ್ಕನೆಯ ಇವಾನ್ 1552ರಲ್ಲಿ ಕಜಾನ್, 1556ರಲ್ಲಿ ಆಸ್ಟ್ರಖಾನ್ ವಶಪಡಿಸಿಕೊಂಡಾಗ ಆ ಹಾದಿ ಪೂರ್ತಿಯಾಗಿ ಮಾಸ್ಕೋದ ಕೈಸೇರಿತು.

ಎರಡೇ ವರ್ಷಕ್ಕೆ, 1558ರಲ್ಲಿ, ಇಂಗ್ಲೆಂಡಿನ ಮಸ್ಕೊವಿ ಕಂಪನಿಯ ಆಂಟನಿ ಜೆಂಕಿನ್‌ಸನ್ ಆಸ್ಟ್ರಖಾನಿನಿಂದ ದೋಣಿಯೇರಿ ಪೂರ್ವ ದಡದ ಮಂಗಿಶ್ಲಾಕ್ ಕಡೆಗೆ ಹೋಗಿ, ಅಲ್ಲಿಂದ ಒಂಟೆಗಳ ಮೇಲೆ ಬುಖಾರಾ ಸೇರಿದ. ಮರುವರ್ಷ ಹಿಂದಿರುಗಿ ದಡಕ್ಕೆ ಬಂದಾಗ ಅವನ ದೋಣಿ ಇತ್ತು. ಅದಕ್ಕೆ ಲಂಗರಿಲ್ಲ, ಹಗ್ಗವಿಲ್ಲ, ಹಾಯಿಯಿಲ್ಲ. ಸಂಗಡಿಗರು ಕೂತು ನಾರು ಹೊಸೆದು ಹಗ್ಗ ಮಾಡಿದರು, ಹತ್ತಿಬಟ್ಟೆಯಿಂದ ಹಾಯಿ ಹೊಲಿದರು. ಲಂಗರಿಗೆ ಏನೂ ತೋಚದೆ ಗಾಡಿಯ ಚಕ್ರವೊಂದರಿಂದ ಲಂಗರು ಮಾಡುವ ಯೋಚನೆಯಲ್ಲಿದ್ದಾಗ ಆಸ್ಟ್ರಖಾನಿನ ದೋಣಿಯೊಂದು ಬಂತು. ಅದರಲ್ಲಿ ಎರಡು ಲಂಗರುಗಳಿದ್ದವು; ಒಂದನ್ನು ಇವನು ಕೊಂಡ. ಆ ದಡದಲ್ಲಿ ಒಂದು ಕಬ್ಬಿಣದ ಲಂಗರು ಎಷ್ಟು ದುರ್ಲಭ ವಸ್ತುವಾಗಿತ್ತು ಎಂಬುದನ್ನು ಯಾವ ಸುಂಕದ ಲೆಕ್ಕಪತ್ರವೂ ಇಷ್ಟು ಸ್ಪಷ್ಟವಾಗಿ ಹೇಳಲಾರದು. ಕಂಪನಿಯ ಮುಂದಿನ ಯಾತ್ರೆಗಳು ಪಶ್ಚಿಮ ದಡದ ಶಿರ್ವಾನಿನ ಮೂಲಕ ಇರಾನಿಗೆ ನಡೆದವು. 1573ರಲ್ಲಿ ಸರಕು ತುಂಬಿ ಮರಳುತ್ತಿದ್ದ ಹಡಗನ್ನು ಕೊಸಾಕರು ದೋಚಿದರು. 1580ರಲ್ಲಿ ಹೋದ ಕೊನೆಯ ತಂಡಕ್ಕೆ ಡರ್ಬೆಂಟ್ ಕೋಟೆಯಲ್ಲಿ ಎದುರಾದದ್ದು ಇರಾನಿ ಅಧಿಕಾರಿಯಲ್ಲ, ಆಟೋಮನ್ ಸೇನಾಪತಿ ಉಸ್ಮಾನ್ ಪಾಷಾ.

ಆಟೋಮನ್ನರು ಅಲ್ಲಿಗೆ ಬಂದ ಬಗೆಯೇ ನನ್ನ ವಾದಕ್ಕೆ ಬಲವಾದ ಸಾಕ್ಷಿ. 1569ರಲ್ಲಿ ಮಹಾಮಂತ್ರಿ ಸೊಕೊಲ್ಲು ಮಹಮದ್ ಪಾಷಾ ಡಾನ್ ಮತ್ತು ವೋಲ್ಗಾ ನದಿಗಳು ಪರಸ್ಪರ ಹತ್ತಿರ ಬರುವಲ್ಲಿ ಕಾಲುವೆ ತೋಡಿಸಲು ಸೈನ್ಯ ಕಳಿಸಿದ. ಕಪ್ಪು ಸಮುದ್ರದ ಹಡಗುಗಳು ಡಾನ್ ಹತ್ತಿ, ಕಾಲುವೆಯಲ್ಲಿ ವೋಲ್ಗಾಕ್ಕೆ ದಾಟಿ, ಆಸ್ಟ್ರಖಾನ್ ಗೆದ್ದು ಕ್ಯಾಸ್ಪಿಯನ್ನಿಗೆ ಇಳಿಯಬೇಕು. ಆಗ ಇರಾನಿನ ಬೆನ್ನಿಗೇ ತೋಪು ಇಡಬಹುದು. ಇದು ಹುಚ್ಚು ಕನಸೆಂದು ನಗುವ ಇತಿಹಾಸಕಾರರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಬಾಗಿಲಿಲ್ಲದ ಕಡಲಿಗೆ ಬಾಗಿಲು ಕೊರೆಯದೆ ಗತಿಯಿಲ್ಲ ಎಂಬುದನ್ನು ಆ ಕಾಲದಲ್ಲಿ ಅವನಷ್ಟು ನಿಚ್ಚಳವಾಗಿ ಕಂಡವರಿಲ್ಲ. ಕಾಲುವೆ ಮುಗಿಯಲಿಲ್ಲ. ಭಾರದ ತೋಪುಗಳಿಲ್ಲದೆ ಆಸ್ಟ್ರಖಾನ್ ತಲುಪಿದ ಸೈನ್ಯ ಚಳಿಗೂ ಹಸಿವಿಗೂ ಹೆದರಿ ಹಿಂತಿರುಗಿತು. 1578ರಲ್ಲಿ ಶುರುವಾದ ಯುದ್ಧದಲ್ಲಿ ಅವರು ಭೂಮಾರ್ಗದಿಂದಲೇ ಬಂದು ಶಿರ್ವಾನ್ ಹಿಡಿದರು, 1590ರ ಒಪ್ಪಂದದಲ್ಲಿ ಬಾಕು ಮತ್ತು ಡರ್ಬೆಂಟ್ ಅವರ ಪಾಲಾದವು. ಹದಿನೈದು ವರ್ಷಕ್ಕೂ ಮಿಕ್ಕಿ ದಡದಲ್ಲಿದ್ದರೂ ಅವರಿಂದ ಅಲ್ಲೊಂದು ಗಟ್ಟಿ ನೌಕಾಪಡೆ ಕಟ್ಟಲಾಗಲಿಲ್ಲ. 1607ರ ಹೊತ್ತಿಗೆ ಸಫವಿ ದೊರೆ ಷಾ ಅಬ್ಬಾಸ್ ಎರಡೂ ಊರುಗಳನ್ನು ಮರಳಿ ಪಡೆದಿದ್ದ.

ಅಬ್ಬಾಸನ ಕಣ್ಣು ರೇಷ್ಮೆಯ ಮೇಲಿತ್ತು. ಗೀಲಾನನ್ನು ಅಲ್ಲಿಯ ಅರಸ ಖಾನ್ ಅಹಮದನಿಂದ 1592ರಲ್ಲಿ ಕಿತ್ತುಕೊಂಡ. ಸೋತ ಅರಸ ಸಮುದ್ರ ದಾಟಿ ಆಟೋಮನ್ನರ ಆಶ್ರಯಕ್ಕೆ ಓಡಿದ. ಜುಲ್ಫಾ ಪಟ್ಟಣದ ಅರ್ಮೇನಿಯನ್ ವರ್ತಕರನ್ನು 1604–05ರಲ್ಲಿ ಬಲವಂತದಿಂದ ಎಬ್ಬಿಸಿ ಇಸ್ಫಹಾನಿಗೆ ತಂದು ನೆಲೆಗೊಳಿಸಿದ, 1619ರಲ್ಲಿ ರೇಷ್ಮೆ ರಫ್ತನ್ನು ಅರಮನೆಯ ಏಕಸ್ವಾಮ್ಯ ಮಾಡಿದ. ಈ ರೇಷ್ಮೆಗೆ ಮೂರು ದಾರಿಗಳಿದ್ದವು: ಅಲೆಪ್ಪೊ ಮೂಲಕ ಆಟೋಮನ್ ನೆಲದ ದಾರಿ, ಪರ್ಷಿಯನ್ ಕೊಲ್ಲಿಯ ದಾರಿ, ಕ್ಯಾಸ್ಪಿಯನ್–ವೋಲ್ಗಾ ದಾರಿ. ಮೊದಲನೆಯದು ಹತ್ತಿರ, ಆದರೆ ಅದರ ಸುಂಕ ಶತ್ರುವಿನ ಬೊಕ್ಕಸಕ್ಕೆ. ನಕ್ಷೆಯ ಮೇಲೆ ನೋಡಿದರೆ ಮೂರನೆಯದೇ ಸಲೀಸು, ಏಕೆಂದರೆ ರೇಷ್ಮೆ ಬೆಳೆಯುವುದೇ ಕ್ಯಾಸ್ಪಿಯನ್ ದಡದಲ್ಲಿ. ಆದರೂ ಅಬ್ಬಾಸನ ಕಾಲದಲ್ಲಿ ಹೆಚ್ಚಿನ ಮಾಲು ಕತ್ತೆ, ಒಂಟೆಗಳ ಬೆನ್ನೇರಿ ಪಶ್ಚಿಮಕ್ಕೆ ಹೋಯಿತು. 1629ರಲ್ಲಿ ಅವನು ತೀರಿಕೊಂಡ ಕೂಡಲೇ ಗೀಲಾನಿನ ರೈತರು ದಂಗೆ ಎದ್ದು ಸರಕಾರದ ರೇಷ್ಮೆ ಉಗ್ರಾಣಗಳನ್ನೇ ಲೂಟಿ ಮಾಡಿದ್ದು, ಏಕಸ್ವಾಮ್ಯದ ಭಾರ ಯಾರ ಹೆಗಲಿಗೆ ಬಿದ್ದಿತ್ತೆಂಬುದನ್ನು ತೋರಿಸುತ್ತದೆ. ಸಾಮ್ರಾಜ್ಯಗಳ ಲೆಕ್ಕದಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕಿದವರ ಹೆಸರು ಕಾಣಿಸುವುದು ಇಂಥ ಬೆಂಕಿ ಹೊತ್ತಿದಾಗ ಮಾತ್ರ.

ಕಡಲ ದಾರಿ ಯಾಕೆ ಕೈಕೊಟ್ಟಿತು ಎಂಬುದಕ್ಕೆ ಹೋಲ್‌ಸ್ಟೈನ್ ರಾಯಭಾರದ ಗತಿ ಉತ್ತರ. ಉತ್ತರ ಜರ್ಮನಿಯ ಈ ಪುಟ್ಟ ರಾಜ್ಯದ ಡ್ಯೂಕ್ ಮೂರನೆಯ ಫ್ರೆಡರಿಕ್ ಇಡೀ ಇರಾನಿ ರೇಷ್ಮೆಯನ್ನು ವೋಲ್ಗಾ ಮೂಲಕ ತರಿಸಿಕೊಳ್ಳುವ ಯೋಜನೆ ಹಾಕಿದ. ದಾರಿ ಬಿಡಲು ತ್ಸಾರನಿಗೆ ಹತ್ತು ವರ್ಷ, ವರ್ಷಕ್ಕೆ 6 ಲಕ್ಷ ಬೆಳ್ಳಿ ನಾಣ್ಯ ಕೊಡುವ ಮಾತಾಯಿತು. ನಿಜ್ನಿ ನೊವ್‌ಗೊರೊದ್‌ನಲ್ಲಿ ‘ಫ್ರೆಡರಿಕ್’ ಹೆಸರಿನ ಹಡಗು ತಯಾರಾಯಿತು: 120 ಅಡಿ ಉದ್ದ, ಮೂರು ಕೂವೆ, ಹುಟ್ಟು ಹಾಕಲೂ ಅನುಕೂಲ, ನದಿಯ ಮರಳುದಿಬ್ಬಗಳಿಗೆ ಹೆದರಿ ಇಟ್ಟ ಚಪ್ಪಟೆ ತಳ. ಪೈನ್ ಮರದ ಆ ಹಡಗು 1636ರ ನವೆಂಬರಿನಲ್ಲಿ ಮೊದಲ ಬಿರುಗಾಳಿಗೇ ಸಡಿಲವಾಗಿ ದಾಗೆಸ್ತಾನದ ದಡದಲ್ಲಿ ಮುರಿದುಬಿತ್ತು. ರಾಯಭಾರದ ಕಾರ್ಯದರ್ಶಿ ಆಡಂ ಒಲಿಯೇರಿಯಸ್ ಬದುಕಿ ಉಳಿದು 1647ರಲ್ಲಿ ಪ್ರವಾಸಕಥನ ಪ್ರಕಟಿಸಿದ. ಇರಾನಿನ ವಾರ್ಷಿಕ ರೇಷ್ಮೆ 20,000 ಮೂಟೆ, ಅದರಲ್ಲಿ ಗೀಲಾನಿನದೇ 8,000 ಎಂಬುದು ಅವನ ಅಂದಾಜು. ಕ್ಯಾಸ್ಪಿಯನ್ ಉದ್ದ ಚಾಚಿರುವುದು ಉತ್ತರ–ದಕ್ಷಿಣವಾಗಿ, ಹಳೆಯ ನಕ್ಷೆಗಳಂತೆ ಪೂರ್ವ–ಪಶ್ಚಿಮವಾಗಿ ಅಲ್ಲ ಎಂದೂ ಅವನು ಸಾಧಿಸಿದ. ರೇಷ್ಮೆ ಮಾತ್ರ ಹೋಲ್‌ಸ್ಟೈನಿಗೆ ಬರಲಿಲ್ಲ. ರಾಯಭಾರದ ಮುಖ್ಯಸ್ಥರಲ್ಲಿ ಒಬ್ಬನಾದ ಬ್ರೂಗ್‌ಮನ್‌ನಿಗೆ 1640ರಲ್ಲಿ ಡ್ಯೂಕ್ ಮರಣದಂಡನೆ ಕೊಡಿಸಿದ.

ಈ ಎಲ್ಲ ಗದ್ದಲದ ನಡುವೆ ವ್ಯಾಪಾರ ನಿಂತಿರಲಿಲ್ಲ. ಅದನ್ನು ನಡೆಸಿದವರು ಸ್ವಂತ ಸೈನ್ಯವಾಗಲಿ ಹಡಗಾಗಲಿ ಇಲ್ಲದವರು, ಇಸ್ಫಹಾನಿನ ಹೊಸ ಜುಲ್ಫಾದ ಅರ್ಮೇನಿಯನ್ನರು ಮತ್ತು ನಮ್ಮ ಮುಲ್ತಾನದ ವರ್ತಕರು. 17ನೇ ಶತಮಾನದಲ್ಲಿ ಆಸ್ಟ್ರಖಾನಿನಲ್ಲಿ ಭಾರತೀಯರಿಗೇ ಮೀಸಲಾದ ವ್ಯಾಪಾರಿ ವಸತಿ ಇತ್ತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಹಿಂದೂಗಳು. ತಮ್ಮ ಪೂಜೆ, ಶವಸಂಸ್ಕಾರಗಳನ್ನು ಉಳಿಸಿಕೊಂಡು ಬಟ್ಟೆ ಮಾರುತ್ತ, ಬಡ್ಡಿಗೆ ಸಾಲ ಕೊಡುತ್ತ ಬಾಳಿದರು. ತಾತಾರ್ ಹೆಂಗಸರೊಡನೆ ಸಂಸಾರ ಹೂಡಿದವರ ಮಕ್ಕಳು ಅಗ್ರಿಜಾನ್ ಎಂಬ ಬೇರೆಯೇ ಸಮುದಾಯವಾಗಿ ಬೆಳೆದರು. ಏಷ್ಯದ ವ್ಯಾಪಾರಿಗಳೆಂದರೆ ಹೆಗಲ ಮೇಲೆ ಗಂಟು ಹೊತ್ತ ಅಲೆಮಾರಿಗಳು ಎಂಬ ಇತಿಹಾಸಕಾರ ನೀಲ್ಸ್ ಸ್ಟೀನ್ಸ್‌ಗಾರ್ಡ್ ಅವರ ಚಿತ್ರವನ್ನು ಇನ್ನೊಬ್ಬ ಇತಿಹಾಸಕಾರ ಸ್ಟೀಫನ್ ಡೇಲ್ ಈ ಆಸ್ಟ್ರಖಾನಿನ ದಾಖಲೆಗಳನ್ನೇ ಮುಂದಿಟ್ಟು ಪ್ರಶ್ನಿಸಿದರು. ದೊಡ್ಡ ಬಂಡವಾಳ, ದೂರದ ಊರುಗಳಲ್ಲಿ ಗುಮಾಸ್ತರು, ಸಾಲದ ಜಾಲ ಎಲ್ಲವೂ ಅಲ್ಲಿ ಕಾಣುತ್ತವೆ. ಡೇಲ್ ಅವರ ಮಾತೇ ಸರಿ ಎಂದು ನನ್ನ ಅಭಿಪ್ರಾಯ. ಬಾಕುವಿನ ಬಳಿಯ ಸುರಖಾನಿಯಲ್ಲಿ, ನೆಲದಿಂದ ಹೊಮ್ಮುವ ಅನಿಲ ಉರಿಯುವ ಜಾಗದಲ್ಲಿ, ಈ ಭಾರತೀಯ ವರ್ತಕರು ಕಟ್ಟಿಸಿದ ಆತಶ್‌ಗಾಹ್ ಎಂಬ ಅಗ್ನಿದೇಗುಲ ಇಂದಿಗೂ ನಿಂತಿದೆ. ಅದರ ಕೋಣೆಗಳ ಬಾಗಿಲುಗಳ ಮೇಲಿನ ಶಾಸನಗಳು ದೇವನಾಗರಿಯಲ್ಲಿವೆ, ಗುರುಮುಖಿಯಲ್ಲಿವೆ, ಪಾರ್ಸಿಯಲ್ಲಿರುವುದು ಒಂದು.

ಮಾಸ್ಕೋಗೂ ಹಡಗು ಸುಲಭವಾಗಿ ಒಲಿಯಲಿಲ್ಲ. ತ್ಸಾರ್ ಅಲೆಕ್ಸಿ 1667ರಲ್ಲಿ ಜುಲ್ಫಾದ ಅರ್ಮೇನಿಯನ್ನರೊಡನೆ ರೇಷ್ಮೆಯ ಕರಾರು ಮಾಡಿಕೊಂಡು, ಅದರ ರಕ್ಷಣೆಗೆಂದು ಡಚ್ಚರ ನೆರವಿನಿಂದ ‘ಒರ್ಯೋಲ್’ ಎಂಬ ಯುದ್ಧನೌಕೆ ಕಟ್ಟಿಸಿದ. ಅಷ್ಟರಲ್ಲಿ ಕೊಸಾಕ್ ನಾಯಕ ಸ್ತೆಂಕಾ ರಾಜಿನ್ ಚಿಕ್ಕ ಚಿಕ್ಕ ದೋಣಿಗಳಲ್ಲಿ ಡರ್ಬೆಂಟಿನಿಂದ ಮಾಜಂದರಾನಿನ ತನಕ ದಡವನ್ನೆಲ್ಲ ದೋಚಿದ್ದ. ಅಬ್ಬಾಸನ ಪ್ರೀತಿಯ ಫರಹಾಬಾದ್ ಅರಮನೆಯ ಊರೂ ಉಳಿಯಲಿಲ್ಲ. 1669ರಲ್ಲಿ ಇರಾನಿನ ಪಡೆ ತನ್ನ ಹಡಗುಗಳನ್ನು ಸರಪಳಿಯಿಂದ ಒಂದಕ್ಕೊಂದು ಬಿಗಿದು ಅವನನ್ನು ಸುತ್ತುವರಿಯಲು ಹೋಯಿತು. ಮುಖ್ಯ ಹಡಗಿನ ಮದ್ದಿನ ಮನೆಗೆ ಬೆಂಕಿ ತಗುಲಿ ಅದು ಮುಳುಗುವಾಗ ಸರಪಳಿ ಪಕ್ಕದವನ್ನೂ ಎಳೆಯಿತು. ಸಮುದ್ರಯುದ್ಧ ಬಲ್ಲ ಯಾವ ಪಡೆಯೂ ಮಾಡದ ತಪ್ಪು ಇದು. ಮರುವರ್ಷ ರಾಜಿನ್ ಆಸ್ಟ್ರಖಾನನ್ನೇ ಹಿಡಿದಾಗ ‘ಒರ್ಯೋಲ್’ ಕೂಡ ಅವನ ಕೈಗೆ ಬಿತ್ತು. ರೇಷ್ಮೆ ಕಾಯುವ ಕೆಲಸಕ್ಕೆ ಅದು ಬರಲೇ ಇಲ್ಲ.

ತ್ಸಾರ್ ಪೀಟರ್ ಈ ಹಡಗಿನ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ನೋಡಿದ. ಮೊದಲು ಅಳತೆ: ವಾನ್ ವೆರ್ದೆನ್ ಮತ್ತು ಸೊಯ್ಮೊನೊವ್ ಸಮುದ್ರದ ಆಳ ಅಳೆದು ತಯಾರಿಸಿದ ನಕ್ಷೆ 1720ರಲ್ಲಿ ಮುದ್ರಣವಾಗಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಗೂ ಹೋಯಿತು. ಆಮೇಲೆ ವೋಲ್ಗಾ ದಂಡೆಯ ಊರುಗಳಲ್ಲಿ ಕಟ್ಟಿದ ಹಡಗುಗಳ ಸಾಲು. 1721ರಲ್ಲಿ ಶಿರ್ವಾನಿನ ಶಮಾಖಿ ಪಟ್ಟಣದ ಲೂಟಿಯಲ್ಲಿ ರಷ್ಯನ್ ವ್ಯಾಪಾರಿಗಳು ನಷ್ಟ ಅನುಭವಿಸಿದ್ದು ನೆಪವಾಯಿತು. 1722ರ ಬೇಸಗೆಯಲ್ಲಿ 22 ಸಾವಿರದಷ್ಟು ಕಾಲಾಳುಗಳು ಆಸ್ಟ್ರಖಾನಿನಿಂದ ಹಡಗೇರಿದರು. ಡರ್ಬೆಂಟ್ ಯುದ್ಧವಿಲ್ಲದೆ ಬಾಗಿಲು ತೆರೆಯಿತು. ಆದರೆ ಹಿಟ್ಟು ತರುತ್ತಿದ್ದ ಹಡಗುಗಳು ಬಿರುಗಾಳಿಗೆ ಒಡೆದು, ಸೈನ್ಯ ಮುಂದೆ ಹೋಗಲಾಗದೆ ಪೀಟರ್ ಹಿಂತಿರುಗಿದ. ಆ ಅಕ್ಟೋಬರಿನಲ್ಲೇ ಆಫ್ಘನ್ನರಿಗೆ ಇಸ್ಫಹಾನ್ ಶರಣಾಗಿ ಸಫವಿ ರಾಜ್ಯ ಕುಸಿಯಿತು. ಮರುವರ್ಷ ರಷ್ಯ ಬಾಕು ಹಿಡಿಯಿತು, 1724ರಲ್ಲಿ ಆಟೋಮನ್ನರೊಡನೆ ಕೂತು ಇರಾನಿನ ಉತ್ತರ ಮತ್ತು ಪಶ್ಚಿಮ ಪ್ರಾಂತಗಳನ್ನು ಹಂಚಿಕೊಂಡಿತು. ಗೀಲಾನಿನ ಜೌಗು ಜ್ವರ ಮಾತ್ರ ಯಾವ ಒಪ್ಪಂದಕ್ಕೂ ಬಗ್ಗಲಿಲ್ಲ. ಅಲ್ಲಿ ಕಾವಲಿದ್ದ ಸೈನಿಕರು ಗುಂಡಿಗಿಂತ ಹೆಚ್ಚಾಗಿ ರೋಗಕ್ಕೇ ಸತ್ತರು. 1732 ಮತ್ತು 1735ರ ಒಪ್ಪಂದಗಳಲ್ಲಿ ರಷ್ಯ ಎಲ್ಲವನ್ನೂ ಹಿಂದಿರುಗಿಸಿತು. ಹಡಗುಗಳನ್ನಲ್ಲ, ನೆಲವನ್ನು.

ಆ ವ್ಯತ್ಯಾಸ ಸಫವಿಗಳ ನಂತರ ಇರಾನನ್ನು ಆಳಿದ ನಾದಿರ್ ಷಾಗೆ ಬೇಗ ಅರ್ಥವಾಯಿತು. ದಾಗೆಸ್ತಾನದಲ್ಲಿ ಲೆಜ್ಗಿ ಬುಡಕಟ್ಟುಗಳೊಡನೆ ಹೋರಾಡುತ್ತಿದ್ದ ಅವನ ಸೈನ್ಯಕ್ಕೆ ಗೀಲಾನಿನ ಅಕ್ಕಿ ಸಾಗಿಸಲು ರಷ್ಯನ್ನರ ದೋಣಿಗಳೇ ಬೇಕಿತ್ತು, ಅವರು ಕೇಳಿದ್ದೇ ಬಾಡಿಗೆ. ರಷ್ಯದ ಮೂಲಕ ಇರಾನಿಗೆ ವ್ಯಾಪಾರಕ್ಕೆ ಬಂದಿದ್ದ ಇಂಗ್ಲಿಷ್ ಕಪ್ತಾನ ಜಾನ್ ಎಲ್ಟನ್‌ನನ್ನು 1743ರಲ್ಲಿ ನಾದಿರ್ ತನ್ನ ನೌಕಾ ಕೆಲಸಕ್ಕೆ ನೇಮಿಸಿ ‘ಜಮಾಲ್ ಬೇಗ್’ ಎಂಬ ಹೆಸರು ಕೊಟ್ಟ. ಗೀಲಾನಿನ ಲಂಗರೂದ್‌ನಲ್ಲಿ ಕೆಲಸ ಶುರುವಾಯಿತು. ಆ ಕಾಲದಲ್ಲೇ ಇರಾನಿಗೆ ಹೋಗಿದ್ದ ಜೋನಸ್ ಹ್ಯಾನ್‌ವೇ ಬರೆದಿಟ್ಟಂತೆ, ಮರವನ್ನು ಬೆಟ್ಟದಿಂದ ಕಡಿದು ತರಿಸಿದರು, ಹಾಯಿಗೆ ಹತ್ತಿಬಟ್ಟೆ ನೇಯಿಸಿದರು, ಲಂಗರಿಗಾಗಿ ರಷ್ಯನ್ ಹಡಗುಗಳು ಕಳೆದುಕೊಂಡಿದ್ದ ಲಂಗರುಗಳನ್ನು ಸಮುದ್ರದ ತಳದಿಂದ ಎತ್ತಿಸಿದರು. ಜೆಂಕಿನ್‌ಸನ್ ಹತ್ತಿಬಟ್ಟೆಯ ಹಾಯಿ ಹೊಲಿದು ಸುಮಾರು 185 ವರ್ಷ ಕಳೆದಿದ್ದರೂ ವೋಲ್ಗಾದಿಂದ ದೂರವಿದ್ದವರ ಕೊರತೆಗಳು ಅವೇ. ಆದರೂ ಎಲ್ಟನ್ ಹಡಗು ತೇಲಿಸಿದ.

ರಷ್ಯದ ರಾಜಧಾನಿ ಪೀಟರ್ಸ್‌ಬರ್ಗ್ ಇದಕ್ಕೆ ಹೇಗೆ ಬೆಚ್ಚಿತೆಂಬುದನ್ನು ಗಮನಿಸಬೇಕು. ಇರಾನಿನ ಲಕ್ಷಗಟ್ಟಲೆ ಸೈನ್ಯಕ್ಕೆ ಅಂಜದೆ ಇದ್ದ ಆಸ್ಥಾನ ಒಂದೆರಡು ಹಡಗುಗಳಿಗೆ ಅಂಜಿ, 1746ರಲ್ಲಿ ಇಂಗ್ಲಿಷರ ಇಡೀ ಕ್ಯಾಸ್ಪಿಯನ್ ವ್ಯಾಪಾರವನ್ನೇ ನಿಷೇಧಿಸಿತು. 1747ರಲ್ಲಿ ನಾದಿರನ ಕೊಲೆಯಾಯಿತು, 1751ರಲ್ಲಿ ಎಲ್ಟನ್‌ನದು. ಅಲ್ಲಿಗೂ ಸಮಾಧಾನವಾಗದೆ ರಷ್ಯನ್ನರು ಗುಟ್ಟಾಗಿ ಜನ ಕಳಿಸಿ ಉಳಿದ ಹಡಗುಗಳನ್ನು ಸುಟ್ಟುಹಾಕಿಸಿದರು.

ಇರಾನಿನೊಡನೆ ಮತ್ತೊಂದು ದೀರ್ಘ ಯುದ್ಧ ನಡೆದು 1813ರಲ್ಲಿ ಗುಲಿಸ್ತಾನ್ ಒಪ್ಪಂದವಾದಾಗ ಬಾಕು, ಡರ್ಬೆಂಟ್ ಮತ್ತೆ ರಷ್ಯದ ಪಾಲಾದವು. ಅದೇ ಒಪ್ಪಂದದ ಐದನೇ ವಿಧಿಯಲ್ಲಿ ಇನ್ನೊಂದು ಷರತ್ತು ಬರೆಸಿಕೊಂಡರು: ವ್ಯಾಪಾರದ ಹಡಗುಗಳು ಎರಡೂ ಕಡೆಯವು ಓಡಾಡಬಹುದು, ಯುದ್ಧನೌಕೆ ಇಡುವ ಹಕ್ಕು ರಷ್ಯಕ್ಕೆ ಮಾತ್ರ. 1828ರ ತುರ್ಕಮಂಚಾಯ್ ಒಪ್ಪಂದದಲ್ಲಿ ಅದನ್ನೇ ಪುನಃ ಬರೆದರು. ಗೀಲಾನ್, ಮಾಜಂದರಾನ್ ಎರಡೂ ಇರಾನಿನ ಬಳಿಯೇ ಉಳಿದವು, ರೇಷ್ಮೆಯೂ ಅಲ್ಲೇ ಬೆಳೆಯುತ್ತಿತ್ತು; ಆದರೆ ತನ್ನದೇ ದಡದ ಮುಂದೆ ಒಂದು ತೋಪಿನ ಹಡಗು ತೇಲಿಸುವ ಹಕ್ಕು ಇರಾನಿಗೆ ಮರಳಿದ್ದು 1921ರಲ್ಲಿ, ಸೋವಿಯತ್ ಸರಕಾರದೊಡನೆ ಆದ ಒಪ್ಪಂದದಿಂದ.