ಹೊಸ ಪ್ರೋಟೀನ್‌ಗಳ ಕೋಶವಾರು ಪತ್ತೆ: ಇತಿಹಾಸ

ಜೀವಂತ ಅಂಗಾಂಶದಲ್ಲಿ ಇಂತಿಷ್ಟು ಹೊತ್ತಿನೊಳಗೆ ಹೊಸದಾಗಿ ತಯಾರಾದ ಪ್ರೋಟೀನ್‌ಗಳನ್ನು ಹಳೆಯವುಗಳಿಂದ ಬೇರ್ಪಡಿಸಿ, ಅವು ಯಾವ ಬಗೆಯ ಕೋಶದಲ್ಲಿ ಹುಟ್ಟಿದವು ಎಂಬುದನ್ನೂ ಹೇಳಬಲ್ಲ ವಿಧಾನಗಳಿಗೆ ಈ ಹೆಸರು. ಹುಟ್ಟಿದ್ದು ಯಾವ ಪ್ರೋಟೀನ್, ಹುಟ್ಟಿದ್ದು ಎಲ್ಲಿ ಎಂಬ ಎರಡು ಪ್ರಶ್ನೆಗಳು ಇಲ್ಲಿವೆ. ಒಂದೊಂದಕ್ಕೆ ಪ್ರತ್ಯೇಕವಾಗಿ ಉತ್ತರ ಹುಡುಕುವುದು 20ನೆಯ ಶತಮಾನದಲ್ಲೇ ಸಾಧ್ಯವಾಗಿತ್ತು. ಜೀವಂತ ಪ್ರಾಣಿಯಲ್ಲಿ ಎರಡನ್ನೂ ಒಟ್ಟಿಗೆ ಕೇಳಲು ಇನ್ನೂ ಹಲವು ದಶಕ ಕಾಯಬೇಕಾಯಿತು.

ದೇಹದ ಪ್ರೋಟೀನ್ ಒಮ್ಮೆ ಕಟ್ಟಿದ ಮೇಲೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ, ಆಹಾರ ಬರೀ ಇಂಧನ ಎಂಬ ನಂಬಿಕೆ 1930ರ ದಶಕದವರೆಗೂ ಬಲವಾಗಿತ್ತು. ಅದನ್ನು ಮುರಿದವರು ಜರ್ಮನಿ ಬಿಟ್ಟು 1933ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ ರುಡಾಲ್ಫ್ ಶೋನ್‌ಹೈಮರ್. ಅವರು ಡೇವಿಡ್ ರಿಟೆನ್‌ಬರ್ಗ್ ಮತ್ತು ಸಾರಾ ರಾಟ್ನರ್ ಜೊತೆಗೂಡಿ, ಸಾಮಾನ್ಯಕ್ಕಿಂತ ಭಾರವಾದ, ಹಾಗಾಗಿ ಗುರುತಿಸಬಹುದಾದ ನೈಟ್ರೋಜನ್ ಸೇರಿಸಿದ ಲ್ಯೂಸಿನ್ ಎಂಬ ಅಮೈನೊ ಆಮ್ಲವನ್ನು ಇಲಿಗಳಿಗೆ ತಿನ್ನಿಸಿದರು. ಹಳೆಯ ನಂಬಿಕೆಯಂತೆ ಆ ನೈಟ್ರೋಜನ್ ಬಹುಪಾಲು ಮೂತ್ರದಲ್ಲಿ ಹೊರಬೀಳಬೇಕಿತ್ತು. ಆದರೆ ಅರ್ಧಕ್ಕಿಂತ ಹೆಚ್ಚು ಭಾಗ ಇಲಿಗಳ ಮೈಯ ಪ್ರೋಟೀನ್‌ಗಳೊಳಗೇ ಸೇರಿಹೋಗಿತ್ತು. ಮೇಲ್ನೋಟಕ್ಕೆ ಬದಲಾಗದ ದೇಹ ಒಳಗೊಳಗೆ ತನ್ನನ್ನು ಒಡೆದು ಕಟ್ಟುತ್ತಲೇ ಇರುತ್ತದೆ ಎಂಬ ಅರಿವು ಹುಟ್ಟಿದ್ದು ಹೀಗೆ. ಶೋನ್‌ಹೈಮರ್ 1941ರಲ್ಲಿ ತೀರಿಕೊಂಡರು. ಅವರ ಉಪನ್ಯಾಸಗಳು ಮರುವರ್ಷ ಪುಸ್ತಕವಾದವು.

ಎರಡನೆಯ ಮಹಾಯುದ್ಧದ ನಂತರ ವಿಕಿರಣಶೀಲ ಅಮೈನೊ ಆಮ್ಲಗಳು ಕೈಗೆ ಬಂದವು. ಬಾಸ್ಟನ್ನಿನಲ್ಲಿ ಪಾಲ್ ಝಾಮೆಕ್ನಿಕ್ ತಂಡ ಇವುಗಳ ನೆರವಿನಿಂದಲೇ ಪ್ರೋಟೀನ್ ತಯಾರಾಗುವ ಜಾಗ ರೈಬೋಸೋಮ್ ಎಂದು ತೋರಿಸಿತು. 1967ರಲ್ಲಿ ರಾಕೆಫೆಲರ್ ವಿಶ್ವವಿದ್ಯಾಲಯದ ಜೇಮ್ಸ್ ಜೇಮಿಸನ್ ಮತ್ತು ಜಾರ್ಜ್ ಪಲಾಡೆ ಗಿನಿ ಇಲಿಯ ಮೇದೋಜೀರಕ ಗ್ರಂಥಿಯ ತೆಳು ಹೋಳುಗಳಿಗೆ ಕೇವಲ ಮೂರು ನಿಮಿಷ ವಿಕಿರಣಶೀಲ ಲ್ಯೂಸಿನ್ ಕೊಟ್ಟು, ಆಮೇಲೆ ಸಾಮಾನ್ಯ ಲ್ಯೂಸಿನ್ ಸುರಿದು, ಗುರುತು ಬಿದ್ದ ಪ್ರೋಟೀನ್‌ಗಳು ಕೋಶದೊಳಗೆ ಎಲ್ಲೆಲ್ಲಿ ಸಾಗುತ್ತವೆ ಎಂದು ಹಿಂಬಾಲಿಸಿದರು. ಆ ಗ್ರಂಥಿಯ ಬಹುಪಾಲು ಜೀರ್ಣರಸ ತಯಾರಿಸುವ ಒಂದೇ ಬಗೆಯ ಕೋಶಗಳಿಂದಾದದ್ದು. ಹಾಗಾಗಿ ಯಾವ ಕೋಶದ್ದು ಎಂಬ ಪ್ರಶ್ನೆ ಅಲ್ಲಿ ಅಷ್ಟಾಗಿ ಕಾಡಲಿಲ್ಲ.

ಅದು ಕಾಡಿದ್ದು ಮಿದುಳಿನಲ್ಲಿ. ಅಲ್ಲಿ ಪ್ರಚೋದಿಸುವ ನರಕೋಶ, ತಡೆಯುವ ನರಕೋಶ, ಅವುಗಳಿಗೆ ಆಸರೆಯಾದ ಗ್ಲಿಯಾ ಕೋಶ ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡಿವೆ. ಸೂಕ್ಷ್ಮದರ್ಶಕದಲ್ಲಿ ವಿಕಿರಣದ ಚುಕ್ಕೆ ನೋಡಿದರೆ ಜಾಗ ತಿಳಿಯುತ್ತದೆ, ಪ್ರೋಟೀನಿನ ಹೆಸರು ತಿಳಿಯುವುದಿಲ್ಲ. ಅಂಗಾಂಶವನ್ನು ಅರೆದು ಶೋಧಿಸಿದರೆ ಹೆಸರು ಸಿಗುತ್ತದೆ, ಜಾಗ ಕಳೆದುಹೋಗುತ್ತದೆ. ಈ ಕ್ಷೇತ್ರದ ಮುಂದಿನ ಶ್ರಮವೆಲ್ಲ ಈ ಇಕ್ಕಟ್ಟಿನಿಂದ ಹೊರಬರುವುದಕ್ಕಾಗಿಯೇ ನಡೆಯಿತು.

ನೆನಪು ಉಳಿಯಲು ಹೊಸ ಪ್ರೋಟೀನ್ ಬೇಕೇ ಎಂಬ ಪ್ರಶ್ನೆ ಈ ಹುಡುಕಾಟಕ್ಕೆ ಬಿಸಿ ತಂದಿತು. 1963ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಲೂಯಿಸ್ ಮತ್ತು ಜೋಸೆಫಾ ಫ್ಲೆಕ್ಸ್‌ನರ್, ಎಲಿಯಟ್ ಸ್ಟೆಲ್ಲರ್ ಅವರು ಪಾಠ ಕಲಿತ ಇಲಿಗಳ ಮಿದುಳಿಗೆ ಪ್ಯೂರೊಮೈಸಿನ್ ಚುಚ್ಚಿದರು. ಈ ಔಷಧ ಬೆಳೆಯುತ್ತಿರುವ ಪ್ರೋಟೀನ್ ಸರಪಳಿಯ ತುದಿಗೆ ತಾನೇ ಅಂಟಿಕೊಂಡು ಅದನ್ನು ಅರ್ಧಕ್ಕೇ ಕತ್ತರಿಸುತ್ತದೆ. ಇಲಿಗಳು ಕಲಿತದ್ದನ್ನು ಮರೆತವು. ಕೆಲವು ವರ್ಷಗಳ ನಂತರ ಅದೇ ದಂಪತಿ, ಬರೀ ಉಪ್ಪುನೀರು ಚುಚ್ಚಿದರೂ ಆ ನೆನಪು ಮರಳುತ್ತದೆ ಎಂದು ತಾವೇ ವರದಿ ಮಾಡಿದರು. ತಮ್ಮ ಮೊದಲ ತೀರ್ಮಾನವನ್ನೇ ಅಲುಗಾಡಿಸುವ ಈ ಫಲಿತಾಂಶವನ್ನು ಪ್ರಕಟಿಸಿದ ಪ್ರಾಮಾಣಿಕತೆಗೆ ಇತಿಹಾಸದಲ್ಲಿ ಗೌರವದ ಜಾಗ ಸಲ್ಲಬೇಕು. ಇಡೀ ಮಿದುಳಿನ ಭಾಗವನ್ನು ಒಂದೇ ಔಷಧದಲ್ಲಿ ಮುಳುಗಿಸಿದರೆ ಉತ್ತರ ಸ್ಪಷ್ಟವಾಗದು ಎಂಬುದು ಅದರಿಂದ ಗೊತ್ತಾಯಿತು. ಪ್ಯೂರೊಮೈಸಿನ್ ಮಾತ್ರ ಉಳಿದುಕೊಂಡಿತು: 2009ರಲ್ಲಿ ಮಾರ್ಸೇಯ ಫಿಲಿಪ್ ಪಿಯೆರ್ ತಂಡ ಅದನ್ನು ಗುರುತಿಸುವ ಪ್ರತಿಕಾಯ ಬಳಸಿ, ಹೊಸ ಪ್ರೋಟೀನಿನ ಪ್ರಮಾಣವನ್ನು ವಿಕಿರಣವಿಲ್ಲದೆ ಅಳೆಯುವ ದಾರಿ ತೋರಿತು.

ರಸಾಯನಶಾಸ್ತ್ರದ ಕಡೆಯಿಂದ ಬಂದ ತಿರುವು ಇದಕ್ಕಿಂತ ದೊಡ್ಡದು. ಮೆಥಿಯೊನಿನ್ ಅಮೈನೊ ಆಮ್ಲವನ್ನು ಹೋಲುವ ಅಝಿಡೊಹೋಮೊಅಲನಿನ್ ಕೊಟ್ಟರೆ ಕೋಶ ಅದನ್ನೇ ಪ್ರೋಟೀನಿಗೆ ಸೇರಿಸುತ್ತದೆ. ಅದರಲ್ಲಿರುವ ಅಝೈಡ್ ಗುಂಪು ಪ್ರಾಣಿಕೋಶಗಳಲ್ಲಿ ಸಹಜವಾಗಿ ಇಲ್ಲ. ಹೀಗಾಗಿ ಬಣ್ಣವನ್ನೋ ಬಯೋಟಿನ್ ಕೊಂಡಿಯನ್ನೋ ಅದಕ್ಕಷ್ಟೇ ಅಂಟಿಸಬಹುದು; ಬಣ್ಣದಿಂದ ನೋಡಬಹುದು, ಕೊಂಡಿ ಹಿಡಿದು ಹೊರತೆಗೆಯಬಹುದು. ಈ ಜೋಡಣೆಯೇ ಕ್ಲಿಕ್ ಕೆಮಿಸ್ಟ್ರಿ; ಇದಕ್ಕೆ ಸಂಬಂಧಿಸಿದ ಕೆಲಸಕ್ಕೆ ಕ್ಯಾರೊಲಿನ್ ಬರ್ಟೊಝಿ, ಮಾರ್ಟನ್ ಮೆಲ್ಡಾಲ್, ಬ್ಯಾರಿ ಶಾರ್ಪ್‌ಲೆಸ್ ಅವರಿಗೆ 2022ರ ನೊಬೆಲ್ ಬಂತು. 2006ರಲ್ಲಿ ಕ್ಯಾಲ್‌ಟೆಕ್‌ನ ಡೇನಿಯೆಲಾ ಡೀಟರಿಷ್, ಡೇವಿಡ್ ಟಿರೆಲ್, ಎರಿನ್ ಶುಮನ್ ಮತ್ತು ಸಂಗಡಿಗರು ಇದನ್ನು ಬಳಸಿ ಹೊಸ ಪ್ರೋಟೀನ್‌ಗಳನ್ನು ಬೇರ್ಪಡಿಸಿದರು. ಈ ವಿಧಾನದ ಹೆಸರು ಬಾನ್‌ಕ್ಯಾಟ್. ಆದರೂ ಮಿಶ್ರ ಅಂಗಾಂಶದಲ್ಲಿ ಈ ನಕಲಿ ಆಮ್ಲ ಎಲ್ಲ ಕೋಶಗಳಿಗೂ ಸೇರಿಬಿಡುತ್ತಿತ್ತು.

ಕೊನೆಗೆ ಬಾಗಿಲು ತೆರೆದದ್ದು ಕಿಣ್ವದ ಕಡೆಯಿಂದ. ಮೆಥಿಯೊನಿನ್ ಅನ್ನು ರೈಬೋಸೋಮ್‌ಗೆ ಸಾಗಿಸುವ ಆರ್‌ಎನ್‌ಎಗೆ ಜೋಡಿಸಿಕೊಡುವ ಕಿಣ್ವವೊಂದಿದೆ. ಅಝಿಡೊನಾರ್‌ಲ್ಯೂಸಿನ್ ಎಂಬ ತುಸು ಉದ್ದನೆಯ ನಕಲಿ ಆಮ್ಲ ಅದರ ಹಿಡಿತದ ಜಾಗಕ್ಕೆ ಸರಿಯಾಗಿ ಹೊಂದುವುದಿಲ್ಲ. ಆ ಜಾಗವನ್ನು ಅಗಲಗೊಳಿಸಿದ ರೂಪಾಂತರಿ ಕಿಣ್ವ ಯಾವ ಕೋಶದಲ್ಲಿದೆಯೋ ಆ ಕೋಶ ಮಾತ್ರ ಅದನ್ನು ಬಳಸುತ್ತದೆ. ಟಿರೆಲ್ ತಂಡ 2009ರಲ್ಲಿ ಬೆರೆತ ಕೋಶಗಳ ನಡುವೆಯೂ ಇದು ನಡೆಯುತ್ತದೆ ಎಂದು ತೋರಿಸಿತು. ಟಿರೆಲ್ ನೊಬೆಲ್ ಪಟ್ಟಿಯಲ್ಲಿಲ್ಲ. ಆದರೆ ಗುರುತು ಹಾಕುವ ಆಯ್ಕೆಯನ್ನು ರಾಸಾಯನಿಕದಿಂದ ಕಿಣ್ವಕ್ಕೆ ವರ್ಗಾಯಿಸಿದ ಈ ಹೆಜ್ಜೆಯೇ ಇಡೀ ಕ್ಷೇತ್ರದ ತಿರುಳು. 2015ರಲ್ಲಿ ಡೀಟರಿಷ್ ಸಂಗಡಿಗರು ಇದನ್ನು ಹಣ್ಣಿನ ನೊಣದಲ್ಲಿ ಸಾಧಿಸಿದರು.

2017ರಲ್ಲಿ ಫ್ರಾಂಕ್‌ಫರ್ಟಿನ ಮ್ಯಾಕ್ಸ್ ಪ್ಲಾಂಕ್ ಮಿದುಳು ಸಂಶೋಧನಾ ಸಂಸ್ಥೆಯಲ್ಲಿ ಬಿಯಾಟ್ರಿಸ್ ಅಲ್ವಾರೆಸ್-ಕಾಸ್ಟೆಲಾವ್, ಶುಮನ್ ಮುಂತಾದವರು ಇಲಿಯ ತಳಿಯೊಂದನ್ನು ರೂಪಿಸಿದರು. ಅದಕ್ಕೆ ಸೇರಿಸಿದ, ಮೆಥಿಯೊನಿನ್ ಜೋಡಿಸುವ ರೂಪಾಂತರಿ ಕಿಣ್ವದಲ್ಲಿ 274ನೆಯ ಸ್ಥಾನದ ಲ್ಯೂಸಿನ್ ಬದಲು ಗ್ಲೈಸಿನ್ ಇದೆ. ಕ್ರೆ ಎಂಬ ಇನ್ನೊಂದು ಕಿಣ್ವ ಇರುವ ಕೋಶಗಳಲ್ಲಷ್ಟೇ ಈ ರೂಪಾಂತರಿ ಕಿಣ್ವದ ಜೀನ್ ಜಾಗೃತವಾಗುತ್ತದೆ. ಆಟಿಕೆ, ಓಡಾಟಕ್ಕೆ ಅವಕಾಶವಿದ್ದ ಸಮೃದ್ಧ ಪರಿಸರದಲ್ಲಿ ಇರಿಸಿದ ಇಲಿಗಳ ಹಿಪ್ಪೋಕ್ಯಾಂಪಸ್ ಎಂಬ ಮಿದುಳಿನ ಭಾಗದ ಪ್ರಚೋದಕ ನರಕೋಶಗಳಲ್ಲಿ 200ಕ್ಕೂ ಹೆಚ್ಚು ಪ್ರೋಟೀನ್‌ಗಳ ಪ್ರಮಾಣ ಬದಲಾಗಿತ್ತು. ಬಾಳಿನ ಅನುಭವ ಒಂದೇ ಬಗೆಯ ಕೋಶದಲ್ಲಿ ಏನನ್ನು ಕಟ್ಟಿತು ಎಂಬುದನ್ನು ಹೆಸರು ಹಿಡಿದು ಹೇಳಲು ಆಗ ಸಾಧ್ಯವಾಯಿತು.

ಬೇರೆ ದಾರಿಗಳೂ ಇವೆ. 2008ರಲ್ಲಿ ರಾಕೆಫೆಲರ್‌ನ ನತಾನಿಯಲ್ ಹೈಂಟ್ಸ್ ಮತ್ತು ಪಾಲ್ ಗ್ರೀನ್‌ಗಾರ್ಡ್ ತಂಡಗಳು ಆಯ್ದ ಕೋಶಗಳ ರೈಬೋಸೋಮ್‌ಗಳಿಗೆ ಹಸಿರು ಹೊಳೆಯುವ ಪ್ರೋಟೀನ್ ಜೋಡಿಸಿ, ಅವುಗಳಿಗೆ ಅಂಟಿದ ಸಂದೇಶವಾಹಕ ಆರ್‌ಎನ್‌ಎಯನ್ನು ಹೊರತೆಗೆದವು. ಇದು ತಯಾರಿಯ ಸೂಚನೆಯನ್ನು ತೋರಿಸುತ್ತದೆ, ತಯಾರಾದ ಪ್ರೋಟೀನನ್ನಲ್ಲ. ಹತ್ತಿರದ ಪ್ರಶ್ನೆಗಳ ಮೇಲೆ ಭಾರತದಲ್ಲೂ ಕೆಲಸ ನಡೆದಿದೆ: ಬೆಂಗಳೂರಿನ ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆಯಲ್ಲಿ ರವಿ ಮುದ್ದಶೆಟ್ಟಿ ಅವರ ತಂಡ ನರಕೋಶಗಳಲ್ಲಿ ಪ್ರೋಟೀನ್ ತಯಾರಿಕೆಯ ನಿಯಂತ್ರಣವನ್ನು, ಅದು ತಪ್ಪಿದಾಗ ಬರುವ ಫ್ರಜೈಲ್ ಎಕ್ಸ್ ಎಂಬ ಆನುವಂಶಿಕ ಕಾಯಿಲೆಯಂಥ ತೊಂದರೆಗಳನ್ನು ಅಧ್ಯಯನ ಮಾಡಿದೆ.

ಕೊರತೆಗಳು ಕಡಿಮೆಯಲ್ಲ. ನಕಲಿ ಆಮ್ಲ ದೇಹದ ಅಸಲಿ ಮೆಥಿಯೊನಿನ್ ಜೊತೆ ಪೈಪೋಟಿ ನಡೆಸಬೇಕಾದ್ದರಿಂದ ಗುರುತು ಮೂಡಲು ಸಮಯ ಹಿಡಿಯುತ್ತದೆ. ನಿಮಿಷಗಳಲ್ಲಿ ಆಗಿಹೋಗುವ ಬದಲಾವಣೆ ಪ್ರಾಣಿಯ ದೇಹದಲ್ಲಿ ಇನ್ನೂ ಸುಲಭವಾಗಿ ಸಿಗುತ್ತಿಲ್ಲ. ಆರಂಭದಲ್ಲಷ್ಟೇ ಮೆಥಿಯೊನಿನ್ ಇದ್ದು, ಅದೂ ಕತ್ತರಿಸಿಹೋಗುವ ಪ್ರೋಟೀನ್‌ಗಳು ಬಲೆಯಿಂದ ತಪ್ಪಿಸಿಕೊಳ್ಳುತ್ತವೆ. ಜೀನ್ ಬದಲಿಸಿದ ಪ್ರಾಣಿಯೇ ಬೇಕಾಗುವುದರಿಂದ, ಈ ವಿಧಾನವನ್ನು ಮನುಷ್ಯರ ಮಿದುಳಿಗೆ ನೇರವಾಗಿ ಅನ್ವಯಿಸುವಂತಿಲ್ಲ.