ಬಾಸ್ ಜಲಸಂಧಿಯ ಬಾಗಿಲಲ್ಲಿ ಒಡೆದ ಹಡಗುಗಳು

ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ ಓಟ್ವೇ ಭೂಶಿರದಿಂದ ಪಶ್ಚಿಮದ ವಾರ್‌ನಂಬೂಲ್‌ ಕಡೆಗೆ ಸಾಗುವ ಕರಾವಳಿಗೆ 'ಶಿಪ್‌ರೆಕ್ ಕೋಸ್ಟ್' ಎಂದೇ ಹೆಸರು. ಕಡಿದಾದ ಸುಣ್ಣಕಲ್ಲಿನ ಗೋಡೆಗಳು, ನೀರಿನಡಿ ಅಡಗಿದ ಬಂಡೆಸಾಲುಗಳು. ಇಲ್ಲಿನ ಸಾವುನೋವಿಗೆ ಇವುಗಳನ್ನು ದೂರುವುದು ವಾಡಿಕೆ. ಆದರೆ ದುರಂತಗಳನ್ನು ಒಂದೊಂದಾಗಿ ಪರಿಶೀಲಿಸಿದರೆ ಬೇರೆಯದೇ ಕಾರಣ ಎದ್ದು ಕಾಣುತ್ತದೆ: ಹಡಗು ಎಲ್ಲಿದೆ ಎಂಬುದೇ ಅದನ್ನು ನಡೆಸುವವರಿಗೆ ತಿಳಿದಿರಲಿಲ್ಲ.

ಇಂಗ್ಲೆಂಡಿನಿಂದ ಮೆಲ್ಬರ್ನ್‌ಗೆ ಹೊರಟ ಹಾಯಿಹಡಗುಗಳು ದಕ್ಷಿಣ ಸಾಗರದ ಪಡುಗಾಳಿಯನ್ನು ಹಿಡಿದು, ವಾರಗಟ್ಟಲೆ ನೆಲವನ್ನೇ ಕಾಣದೆ ಬರುತ್ತಿದ್ದವು. ಕೊನೆಗೆ ಓಟ್ವೇ ಭೂಶಿರಕ್ಕೂ ಕಿಂಗ್ ದ್ವೀಪಕ್ಕೂ ನಡುವೆ ಇರುವ ಸುಮಾರು 90 ಕಿ.ಮೀ. ಅಗಲದ ಸಂದಿನಲ್ಲೇ ಅವು ಬಾಸ್ ಜಲಸಂಧಿಯನ್ನು ಹೊಗಬೇಕಿತ್ತು. ನಾವಿಕರು ಇದನ್ನು ಸೂಜಿಗೆ ದಾರ ಪೋಣಿಸುವ ಕೆಲಸಕ್ಕೆ ಹೋಲಿಸುತ್ತಿದ್ದರು. ರೇಖಾಂಶದ ಲೆಕ್ಕ ನಿಂತಿದ್ದು ಹಡಗಿನ ಗಡಿಯಾರದ ಮೇಲೆ. ಅದು ಒಂದೇ ನಿಮಿಷ ತಪ್ಪಿದರೂ ಈ ಅಕ್ಷಾಂಶದಲ್ಲಿ ಹಡಗಿನ ಸ್ಥಾನ 20 ಕಿ.ಮೀ.ಗೂ ಹೆಚ್ಚು ಆಚೀಚೆಯಾಗುತ್ತದೆ. ಮೋಡ ಕವಿದು ಸೂರ್ಯ, ನಕ್ಷತ್ರಗಳು ಮರೆಯಾದರಂತೂ ಬರೀ ಅಂದಾಜೇ ಗತಿ.

1845ರ ಆಗಸ್ಟ್ 4ರಂದು ಆದದ್ದು ಅದೇ. ಲಿವರ್‌ಪೂಲ್‌ನಿಂದ ವಲಸಿಗ ಕುಟುಂಬಗಳನ್ನು ಹೊತ್ತು ಬಂದ 'ಕ್ಯಾಟರಾಕಿ' ಕತ್ತಲಲ್ಲಿ ಕಿಂಗ್ ದ್ವೀಪದ ಬಂಡೆಗೆ ಬಡಿಯಿತು. ಸುಮಾರು 400 ಮಂದಿ ಸತ್ತರು; ಬದುಕಿದವರು ಒಂಬತ್ತೇ ಜನ. ಮೂರು ವರ್ಷಗಳ ನಂತರ, 1848ರಲ್ಲಿ, ಓಟ್ವೇಯಲ್ಲಿ ದೀಪಸ್ತಂಭ ಬೆಳಗಿತು. 1851ರಲ್ಲಿ ವಿಕ್ಟೋರಿಯದಲ್ಲಿ ಚಿನ್ನ ಸಿಕ್ಕ ಮೇಲೆ ಹಡಗುಗಳ ಸಂಖ್ಯೆ ಒಮ್ಮೆಲೇ ಏರಿತು. ಕಿಂಗ್ ದ್ವೀಪದ ವಿಕಮ್ ಭೂಶಿರಕ್ಕೆ ದೀಪ ಬಂದದ್ದು ಮಾತ್ರ 1861ರಲ್ಲಿ. ಸಂದಿನ ಒಂದು ದಡಕ್ಕೆ ಬೆಳಕಿಟ್ಟು ಇನ್ನೊಂದನ್ನು 13 ವರ್ಷ ಕತ್ತಲಲ್ಲಿ ಬಿಟ್ಟದ್ದು ಆಡಳಿತದ ಅಕ್ಷಮ್ಯ ವಿಳಂಬ.

ದೀಪವಿದ್ದರೂ ಅದು ಕಣ್ಣಿಗೆ ಬೀಳಬೇಕಲ್ಲ! 1878ರ ಜೂನ್ 1ರ ನಸುಕಿನಲ್ಲಿ 'ಲಾಕ್ ಆರ್ಡ್' ಹಡಗಿನ ಕಪ್ತಾನ ಗಿಬ್ ಓಟ್ವೇ ದೀಪಕ್ಕಾಗಿ ಕಾಯುತ್ತಿದ್ದ. ಕಾವಳ ಸರಿದಾಗ ಕಂಡದ್ದು ದೀಪವಲ್ಲ, ತೀರಾ ಹತ್ತಿರದ ಕಡಿಬಂಡೆ. ಲಂಗರು ಇಳಿಸಿದರೂ ಹಡಗು ಸೆಳೆತಕ್ಕೆ ಸಿಕ್ಕು, ಮಟನ್‌ಬರ್ಡ್ ದ್ವೀಪದ ಬಂಡೆಗೆ ಅಪ್ಪಳಿಸಿ ನಿಮಿಷಗಳಲ್ಲಿ ಮುಳುಗಿತು. 54 ಮಂದಿಯಲ್ಲಿ ಉಳಿದವರು ಇಬ್ಬರೇ: ತರಬೇತಿಯಲ್ಲಿದ್ದ ನಾವಿಕ ಟಾಮ್ ಪಿಯರ್ಸ್ ಮತ್ತು ಐರ್ಲೆಂಡಿನ ಯುವತಿ ಈವಾ ಕಾರ್‌ಮೈಕಲ್. ಕೂಗು ಕೇಳಿದ ಪಿಯರ್ಸ್ ಮತ್ತೆ ನೀರಿಗಿಳಿದು ಅವಳನ್ನು ದಡಕ್ಕೆ ಎಳೆತಂದ; ಆಮೇಲೆ ಬಂಡೆ ಹತ್ತಿ ಹತ್ತಿರದ ಗ್ಲೆನಾಂಪಲ್ ಕುರಿಗಾವಲಿನವರನ್ನು ಕರೆತಂದ. ಈವಾ ಆ ದಿನ ತಂದೆ, ತಾಯಿ ಮತ್ತು ಐವರು ಒಡಹುಟ್ಟಿದವರನ್ನು ಕಳೆದುಕೊಂಡಿದ್ದಳು. ಅವರಿಬ್ಬರೂ ಮದುವೆಯಾಗಲೆಂದು ಜನ ಹಂಬಲಿಸಿದರು, ಪತ್ರಿಕೆಗಳು ಬರೆದವು. ಸೂತಕದಲ್ಲಿದ್ದ ಹೆಣ್ಣಿನ ಮೇಲೆ ಹೊರಿಸಿದ ಆ ನಿರೀಕ್ಷೆ ಕ್ರೂರವಾದದ್ದು. ಅವಳು ಐರ್ಲೆಂಡಿಗೆ ಮರಳಿದಳು.

ಅದೇ ಹಡಗಿನಲ್ಲಿ, ಮೆಲ್ಬರ್ನ್‌ನ 1880ರ ಅಂತರರಾಷ್ಟ್ರೀಯ ಪ್ರದರ್ಶನಕ್ಕೆಂದು ಮಿಂಟನ್ ಕಾರ್ಖಾನೆಯ ಪಿಂಗಾಣಿ ನವಿಲು ಬರುತ್ತಿತ್ತು. ಪೆಟ್ಟಿಗೆಯೊಳಗೇ ಅದು ದಡಕ್ಕೆ ತೇಲಿಬಂತು. ಇಂದು ವಾರ್‌ನಂಬೂಲ್‌ನ ಫ್ಲ್ಯಾಗ್‌ಸ್ಟಾಫ್ ಹಿಲ್ ಸಂಗ್ರಹಾಲಯದಲ್ಲಿದೆ.

1967ರಲ್ಲಿ ಮುಳುಗುಗಾರರು 'ಲಾಕ್ ಆರ್ಡ್'ನ ಅವಶೇಷವನ್ನು ಪತ್ತೆ ಮಾಡಿದ ಬೆನ್ನಲ್ಲೇ ಲೂಟಿಯೂ ಶುರುವಾಯಿತು. 1976ರಲ್ಲಿ ಆಸ್ಟ್ರೇಲಿಯ ಐತಿಹಾಸಿಕ ಹಡಗುಗಳ ಅವಶೇಷಗಳ ರಕ್ಷಣೆಗೆ ಕಾನೂನು ತಂದಿತು. ಈಗ ಪರವಾನಗಿ ಇಲ್ಲದೆ ಅಲ್ಲಿಂದ ಒಂದು ಚೂರನ್ನು ಎತ್ತಿದರೂ ಅಪರಾಧ.